ಹಡಗಿನ ನಿದ್ದೆಯ ಲೆಕ್ಕ

ಹಡಗಿನಲ್ಲಿ ರಾತ್ರಿ ಹನ್ನೆರಡಕ್ಕೆ ಕೆಲಸ ಶುರು ಮಾಡುವವನು ಸೆಕೆಂಡ್ ಆಫೀಸರ್. ಹನ್ನೊಂದೂವರೆಗೆ ಅವನ ಕ್ಯಾಬಿನ್ನಿನ ಫೋನು ಹೊಡೆದುಕೊಳ್ಳುತ್ತದೆ. ಮುಖ ತೊಳೆದು, ಚಹಾದ ಲೋಟ ಹಿಡಿದುಕೊಂಡು ಹತ್ತು ಹದಿನೈದು ನಿಮಿಷ ಮೊದಲೇ ಬ್ರಿಡ್ಜ್‌ಗೆ, ಅಂದರೆ ಹಡಗು ನಡೆಸುವ ಕೋಣೆಗೆ, ಹತ್ತುತ್ತಾನೆ. ರಾತ್ರಿ ಅಲ್ಲಿ ದೀಪ ಹಾಕುವುದಿಲ್ಲ. ಬೆಳಕಿನಿಂದ ಬಂದವನಿಗೆ ಮೊದಲು ಏನೂ ಕಾಣದು, ಕಣ್ಣು ಕತ್ತಲಿಗೆ ಹೊಂದಬೇಕು. ಬೇಗ ಬರುವುದು ಅದಕ್ಕಾಗಿಯೇ. ಆಮೇಲೆ ರೇಡಾರ್, ನಕ್ಷೆ, ಸುತ್ತಲಿನ ಹಡಗುಗಳ ದೀಪಗಳನ್ನು ನೋಡಿ, ಕಪ್ತಾನರು ಬರೆದಿಟ್ಟ ರಾತ್ರಿಯ ಆದೇಶ ಓದಿ ಸಹಿ ಹಾಕಿ, ‘ಇನ್ನು ವಾಚ್ ನನ್ನದು’, ಅಂದರೆ ಪಾಳಿ ನನ್ನದು, ಎನ್ನುತ್ತಾನೆ. ಅಲ್ಲಿಂದ ಬೆಳಗಿನ ನಾಲ್ಕರವರೆಗೆ ಕೆಳಗೆ ಮಲಗಿರುವ ಇಪ್ಪತ್ತೋ ಇಪ್ಪತ್ತೈದೋ ಜನರ ಜೀವ ಅವನ ಎಚ್ಚರದ ಮೇಲೆ ನಿಂತಿರುತ್ತದೆ.

ಸಮುದ್ರದ ಕೆಲಸ ಎಂದೊಡನೆ ನಮ್ಮೂರಲ್ಲಿ ಜನ ಬಿರುಗಾಳಿಯ ಬಗ್ಗೆ ಕೇಳುತ್ತಾರೆ, ಕಡಲ್ಗಳ್ಳರ ಬಗ್ಗೆ ಕೇಳುತ್ತಾರೆ, ಡಾಲರಿನಲ್ಲಿ ಬರುವ ಸಂಬಳದ ಬಗ್ಗೆ ಕೇಳುತ್ತಾರೆ. ನಿದ್ದೆಯ ಬಗ್ಗೆ ಯಾರೂ ಕೇಳುವುದಿಲ್ಲ. ಹಲವು ವರ್ಷ ವಾಚ್ ಮಾಡಿ ಬಂದ ನನಗೆ ಕೇಳಿದರೆ, ಹಡಗಿನ ಮೇಲಿನ ಲೈಫ್‌ಬೋಟು ಎಷ್ಟು ಮುಖ್ಯವೋ ನಾವಿಕನ ನಿದ್ದೆಯೂ ಅಷ್ಟೇ ಮುಖ್ಯ. ಲೈಫ್‌ಬೋಟನ್ನು ವಾರವಾರವೂ ಪರೀಕ್ಷಿಸುತ್ತಾರೆ. ನಿದ್ದೆಗೂ ಕಾನೂನಿದೆ, ಅಳತೆಯಿದೆ, ದಾಖಲೆಯಿದೆ. ಅದು ಹೇಗೆ ನಡೆಯುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ಹಡಗಿಗೆ ಹೊರಟ ಹುಡುಗ ಹುಡುಗಿಯರೂ ಅವರ ಮನೆಯವರೂ ತಿಳಿದಿರಬೇಕು.

ದಿನದ ಇಪ್ಪತ್ನಾಲ್ಕು ಗಂಟೆಯನ್ನು ಹಡಗಿನಲ್ಲಿ ನಾಲ್ಕು ನಾಲ್ಕು ಗಂಟೆಯ ವಾಚ್‌ಗಳಾಗಿ ಹಂಚುತ್ತಾರೆ. ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ ಕೆಲಸ. ಹನ್ನೆರಡರಿಂದ ನಾಲ್ಕು ಸೆಕೆಂಡ್ ಆಫೀಸರಿಗೆ, ನಾಲ್ಕರಿಂದ ಎಂಟು ಚೀಫ್ ಆಫೀಸರಿಗೆ, ಎಂಟರಿಂದ ಹನ್ನೆರಡು ಥರ್ಡ್ ಆಫೀಸರಿಗೆ. ಹಗಲೂ ಇದೇ, ರಾತ್ರಿಯೂ ಇದೇ. ಈ ಹಂಚಿಕೆಗೆ ಹಳೆಯ ಕಾರಣಗಳಿವೆ. ನಕ್ಷತ್ರ ನೋಡಿ ಹಡಗಿನ ಸ್ಥಾನ ಗುರುತಿಸಬೇಕಾದರೆ ನಕ್ಷತ್ರವೂ ಕಾಣಬೇಕು, ದಿಗಂತದ ಗೆರೆಯೂ ಕಾಣಬೇಕು. ಎರಡೂ ಒಟ್ಟಿಗೆ ಕಾಣುವುದು ಮುಂಜಾವಿನ ಮತ್ತು ಮುಸ್ಸಂಜೆಯ ಸ್ವಲ್ಪ ಹೊತ್ತು ಮಾತ್ರ. ಆ ಎರಡೂ ಹೊತ್ತು ಅನುಭವಿಯಾದ ಚೀಫ್ ಆಫೀಸರ್ ಮೇಲಿರುತ್ತಾನೆ. ನಡುಹಗಲಿನ ಸೂರ್ಯನನ್ನು ಅಳೆಯುವ ಕೆಲಸ ನಕ್ಷೆ ನೋಡಿಕೊಳ್ಳುವ ಸೆಕೆಂಡ್ ಆಫೀಸರಿಗೆ. ಎಲ್ಲರಿಗಿಂತ ಹೊಸಬನಾದ ಥರ್ಡ್ ಆಫೀಸರಿಗೆ ಸಿಗುವುದು ಕಪ್ತಾನರು ಸಾಮಾನ್ಯವಾಗಿ ಎಚ್ಚರವಿರುವ ಹೊತ್ತು. ಇಂದು ಸ್ಥಾನವನ್ನು ಉಪಗ್ರಹ ಹೇಳುತ್ತದೆ, ಆದರೂ ಈ ಪಾಳಿ ಬಹುತೇಕ ಹಡಗುಗಳಲ್ಲಿ ಹಾಗೆಯೇ ಉಳಿದಿದೆ.

ಕತ್ತಲಾದ ಮೇಲೆ ಆಫೀಸರಿನ ಜೊತೆಗೆ ಕಣ್ಗಾವಲಿಗೆ ಇನ್ನೊಬ್ಬ ನಾವಿಕ ನಿಲ್ಲುತ್ತಾನೆ. ನಮ್ಮ ಕರಾವಳಿಯ ಹೊರಗೆ ಹಾದುಹೋಗುವ ಹಡಗಿಗೆ ಇವನು ಎಷ್ಟು ಬೇಕಾದವನು ಎಂಬುದು ಆಗಸ್ಟ್ ತಿಂಗಳಲ್ಲಿ ಗೊತ್ತಾಗುತ್ತದೆ. ಜೂನ್-ಜುಲೈ ನಿಷೇಧ ಮುಗಿದು ಮಲ್ಪೆ, ಮಂಗಳೂರಿನ ಟ್ರಾಲ್ ಬೋಟುಗಳು ಕಡಲಿಗಿಳಿದರೆ, ಕತ್ತಲಲ್ಲಿ ಒಂದು ಊರೇ ತೇಲುತ್ತಿರುವಂತೆ ಮುಂದೆ ದೀಪಗಳು ಕಾಣುತ್ತವೆ. ಯಾವುದು ನಿಂತಿದೆ, ಯಾವುದು ಬಲೆ ಎಳೆಯುತ್ತಿದೆ, ಯಾವುದು ಅಡ್ಡ ಬರುತ್ತಿದೆ ಎಂದು ಒಂದೊಂದನ್ನೇ ಬಿಡಿಸಿ ನೋಡಬೇಕು. ತುಂಬಿದ ದೊಡ್ಡ ಟ್ಯಾಂಕರು ನಿಲ್ಲಬೇಕೆಂದರೆ ಕಿಲೋಮೀಟರುಗಳ ದೂರ ಬೇಕು. ತೂಕಡಿಸುವ ಕಣ್ಣಿಗೆ ಇದು ಆಗದ ಕೆಲಸ.

ತೂಕಡಿಕೆಯನ್ನು ಹಿಡಿಯಲು ಬ್ರಿಡ್ಜ್‌ನಲ್ಲಿ ಒಂದು ಯಂತ್ರವಿದೆ. 3ರಿಂದ 12 ನಿಮಿಷದೊಳಗೆ ಒಂದು ಅವಧಿ ಹೊಂದಿಸಿರುತ್ತಾರೆ. ಆ ಅವಧಿ ಮುಗಿದಾಗ ದೀಪ ಮಿನುಗುತ್ತದೆ, ಆಫೀಸರ್ ಗುಂಡಿ ಒತ್ತಿ ತಾನು ಎಚ್ಚರವಿದ್ದೇನೆಂದು ತೋರಿಸಬೇಕು. ಒತ್ತದಿದ್ದರೆ 15 ಸೆಕೆಂಡಿಗೆ ಬ್ರಿಡ್ಜ್‌ನಲ್ಲೇ ಗಂಟೆ ಹೊಡೆಯುತ್ತದೆ. ಆಗಲೂ ಒತ್ತದಿದ್ದರೆ ಮತ್ತೆ 15 ಸೆಕೆಂಡಿಗೆ ಕಪ್ತಾನರ ಅಥವಾ ಇನ್ನೊಬ್ಬ ಆಫೀಸರಿನ ಕ್ಯಾಬಿನ್ನಿನಲ್ಲಿ. 2011ರ ಜುಲೈ 1ರಿಂದ ಕಟ್ಟಿದ ಹಡಗುಗಳಿಗೆ ಇದು ಕಡ್ಡಾಯವಾಯಿತು, ಹಳೆಯವಕ್ಕೆ ನಂತರ ಹಂತಹಂತವಾಗಿ ಬಂತು. ಒಳ್ಳೆಯ ಯಂತ್ರವೇ. ಆದರೆ ಅದು ನಿದ್ದೆಗೆ ಜಾರಿದವನನ್ನು ಎಬ್ಬಿಸಬಲ್ಲದು, ನಿದ್ದೆಗೆಟ್ಟು ಮಂಕಾದ ತಲೆಯನ್ನು ಚುರುಕು ಮಾಡಲಾರದು.

ಎಂಜಿನ್ ರೂಮಿನಲ್ಲಿ ಈಗ ಹೆಚ್ಚಿನ ಹಡಗುಗಳಲ್ಲಿ ರಾತ್ರಿ ಪಾಳಿಯಿಲ್ಲ. ಎಂಜಿನಿಯರುಗಳು ಹಗಲು ದುಡಿಯುತ್ತಾರೆ, ರಾತ್ರಿ ಯಂತ್ರಗಳು ತಮ್ಮಷ್ಟಕ್ಕೆ ಓಡುತ್ತವೆ. ಏನಾದರೂ ಕೆಟ್ಟರೆ ಸರದಿಯ ಎಂಜಿನಿಯರಿನ ಕ್ಯಾಬಿನ್ನಿನಲ್ಲಿ ಅಲಾರಾಂ ಕೂಗುತ್ತದೆ. ಅವನು ಎದ್ದು ಅಷ್ಟೂ ಮೆಟ್ಟಿಲಿಳಿದು ಬಿಸಿಯೊಳಗೆ ಹೋಗಿ ನೋಡಿ ಬರಬೇಕು. ಕೆಲವೊಮ್ಮೆ ಏನೂ ಆಗಿರುವುದಿಲ್ಲ, ಒಂದು ಸೆನ್ಸರ್ ಕೆಟ್ಟಿರುತ್ತದೆ, ಅಷ್ಟೆ. ಹೀಗೆ ಎದ್ದು ವಿಶ್ರಾಂತಿ ಕೆಟ್ಟರೆ ಅವನಿಗೆ ಬದಲಿ ವಿಶ್ರಾಂತಿ ಕೊಡಬೇಕೆಂದು ಕಾನೂನು ಹೇಳುತ್ತದೆ. ಕೇಳಿ ಪಡೆಯುವ ಧೈರ್ಯ ಕಿರಿಯರಿಗೆ ಬರುವುದು ಅಪರೂಪ.

ಮನೆಯವರು ಹೆದರುವುದು ನಡುಗಡಲಿಗೆ. ದಣಿವು ಹುಟ್ಟುವುದು ಬಂದರಿನಲ್ಲಿ. ಹತ್ತು ಹದಿನೈದು ದಿನ ನೆಲ ಕಾಣದ ಯಾನದಲ್ಲಿ ವಾಚ್ ಗಡಿಯಾರದಂತೆ ನಡೆಯುತ್ತದೆ. ಪಶ್ಚಿಮಕ್ಕೆ ಹೋಗುವಾಗಲಂತೂ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತಾ ಹೋಗುವುದರಿಂದ ಆಗಾಗ 25 ಗಂಟೆಯ ದಿನ ಸಿಗುತ್ತದೆ. ಪೂರ್ವಕ್ಕೆ ಹೋದರೆ ಆ ಗಂಟೆಗಳನ್ನೆಲ್ಲ ಹಿಂದಿರುಗಿಸಬೇಕು. ಕೊಲ್ಲಿಯಿಂದ ಕಚ್ಚಾ ತೈಲ ತುಂಬಿಕೊಂಡು ಮಂಗಳೂರಿನ ಕಡೆಗೆ ಬರುವಂಥ ವಾರದೊಳಗಿನ ಯಾನಗಳು ಬೇರೆ. ಒಂದು ಬಂದರಿನ ದಣಿವು ಇಳಿಯುವಷ್ಟರಲ್ಲಿ ಇನ್ನೊಂದು ಬಂದರು ಬಂದಿರುತ್ತದೆ.

ಬಂದರಿನ ಒಂದು ದಿನವನ್ನು ಲೆಕ್ಕ ಹಾಕಿ ನೋಡೋಣ. ಸೆಕೆಂಡ್ ಆಫೀಸರ್ ರಾತ್ರಿ ಹನ್ನೆರಡರಿಂದ ನಾಲ್ಕು ವಾಚ್ ಮುಗಿಸುತ್ತಾನೆ. ಐದಕ್ಕೆ ಬಂದರಿಗೆ ದಾರಿ ತೋರಿಸುವ ಪೈಲಟ್ ಹಡಗು ಹತ್ತುತ್ತಾರೆ, ಹಾಗಾಗಿ ಮಲಗಿ ಪ್ರಯೋಜನವಿಲ್ಲ. ಐದರಿಂದ ಏಳು ಹಡಗಿನ ಹಿಂಭಾಗದಲ್ಲಿ ನಿಂತು ಧಕ್ಕೆಗೆ ಹಗ್ಗ ಕಟ್ಟಿಸುತ್ತಾನೆ. ಬಿಗಿದ ಹಗ್ಗ ಕಡಿದು ಬೀಸಿದರೆ ಮನುಷ್ಯ ಉಳಿಯುವುದಿಲ್ಲ, ಆದ್ದರಿಂದ ಅಲ್ಲಿಯೂ ತಲೆ ಚುರುಕಾಗಿರಬೇಕು. ತಿಂಡಿ ತಿಂದು ಏಳೂವರೆಯಿಂದ ಹನ್ನೊಂದೂವರೆ ವಿಶ್ರಾಂತಿ. ಬಂದರಿನಲ್ಲಿ ಸರಕಿನ ಪಾಳಿ ಆರಾರು ಗಂಟೆಯದು. ಹನ್ನೆರಡರಿಂದ ಸಂಜೆ ಆರು ಅವನದು. ಆರರಿಂದ ನಡುರಾತ್ರಿವರೆಗೆ ಮತ್ತೆ ವಿಶ್ರಾಂತಿ. ನಾಲ್ಕೂ ಆರೂ ಕೂಡಿದರೆ ಹತ್ತು.

ಈ ಹತ್ತು ಸುಮ್ಮನೆ ಬಂದ ಸಂಖ್ಯೆಯಲ್ಲ. ನಾವಿಕರ ತರಬೇತಿ, ಪ್ರಮಾಣಪತ್ರ ಮತ್ತು ಪಾಳಿಯ ಕುರಿತ 1978ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2010ರಲ್ಲಿ ಮನಿಲಾದಲ್ಲಿ ತಿದ್ದುಪಡಿಯಾಗಿ 2012ರ ಜನವರಿ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಯಾವುದೇ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ಯಾವುದೇ 7 ದಿನಗಳಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಸಿಗಬೇಕು. ಹತ್ತು ಗಂಟೆಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಅದರಲ್ಲೊಂದು ತುಂಡು 6 ಗಂಟೆಗಿಂತ ಕಡಿಮೆಯಿರುವಂತಿಲ್ಲ. ಎರಡು ವಿಶ್ರಾಂತಿಗಳ ನಡುವೆ 14 ಗಂಟೆಗಿಂತ ಹೆಚ್ಚು ಅಂತರವೂ ಇರಬಾರದು. ‘ಯಾವುದೇ 24 ಗಂಟೆ’ ಎಂಬ ಮಾತನ್ನು ಹೊಸಬರು ತಪ್ಪಾಗಿ ತಿಳಿಯುತ್ತಾರೆ. ಅದು ಕ್ಯಾಲೆಂಡರಿನ ದಿನವಲ್ಲ. ಯಾವ ಗಳಿಗೆಯಲ್ಲಿ ನಿಂತು ಹಿಂದಿರುಗಿ ಎಣಿಸಿದರೂ ಲೆಕ್ಕ ಕೂಡಬೇಕು.

ನಮ್ಮ ಸೆಕೆಂಡ್ ಆಫೀಸರಿನ ಲೆಕ್ಕ ಕೂಡಿತು, ಕೂದಲೆಳೆಯಷ್ಟರಲ್ಲಿ. ರಾತ್ರಿ ಎಂಟಕ್ಕೆ ಯಾರೋ ಸರ್ವೇಯರ್ ಬಂದು ಒಂದು ಕಾಗದಕ್ಕಾಗಿ ಅವನನ್ನು ಎಬ್ಬಿಸಿದರೆ ಆರು ಗಂಟೆಯ ತುಂಡು ಒಡೆಯುತ್ತದೆ, ಕಾನೂನೂ ಮುರಿಯುತ್ತದೆ. ಎಬ್ಬಿಸದಿದ್ದರೂ ಆ ಆರು ಗಂಟೆಯಲ್ಲಿ ಊಟ, ಸ್ನಾನ, ಬಟ್ಟೆ ಒಗೆಯುವುದು, ಮನೆಗೆ ಫೋನು ಎಲ್ಲ ಸೇರಿವೆ. ಕಾನೂನು ವಿಶ್ರಾಂತಿಯನ್ನು ಅಳೆಯುತ್ತದೆ, ನಿದ್ದೆಯನ್ನಲ್ಲ.

ಇನ್ನೂ ಒಂದು ಲೆಕ್ಕವಿದೆ. ವಾರಕ್ಕಿರುವುದು 168 ಗಂಟೆ. 77 ಕಳೆದರೆ ಉಳಿಯುವ 91 ಗಂಟೆ ದುಡಿಸಿಕೊಳ್ಳಬಹುದು ಎಂದಾಯಿತು. ನೆಲದ ಮೇಲಿನ ಕಾರ್ಖಾನೆಯಲ್ಲಿ ಮಿತಿ ವಾರಕ್ಕೆ 48. ನಾವಿಕರ ಹಕ್ಕುಗಳ 2006ರ ಕಾರ್ಮಿಕ ಒಪ್ಪಂದವನ್ನು ಭಾರತ 2015ರಲ್ಲಿ ಒಪ್ಪಿಕೊಂಡಿತು. ಅದರಲ್ಲಿ ದೇಶಗಳಿಗೆ ಎರಡು ದಾರಿ ಕೊಟ್ಟಿದ್ದಾರೆ: ಕೆಲಸದ ಗರಿಷ್ಠ ಮಿತಿ ಹಾಕುವುದು, ಅದು ವಾರಕ್ಕೆ 72 ಗಂಟೆ; ಇಲ್ಲವೇ ವಿಶ್ರಾಂತಿಯ ಕನಿಷ್ಠ ಮಿತಿ ಹಾಕುವುದು, ಅದು ಮತ್ತದೇ 77. ಒಂದೇ ಒಪ್ಪಂದದ ಎರಡು ಅಳತೆಗೋಲುಗಳ ನಡುವೆ 19 ಗಂಟೆಯ ವ್ಯತ್ಯಾಸ! ಇದು ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿದ್ದೆಗೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಚೀನಾದ ‘ಶೆನ್ ನೆಂಗ್ 1’ ಹಡಗಿನ ಕಥೆ ಸಾಕು. 2010ರ ಏಪ್ರಿಲ್ 3ರಂದು ಆಸ್ಟ್ರೇಲಿಯಾದ ಗ್ಲ್ಯಾಡ್‌ಸ್ಟೋನ್ ಬಂದರಿನಲ್ಲಿ ಕಲ್ಲಿದ್ದಲು ತುಂಬಿಕೊಂಡು ಅದು ಚೀನಾಕ್ಕೆ ಹೊರಟಿತು. ಸಂಜೆ ನಾಲ್ಕಕ್ಕೆ ಚೀಫ್ ಆಫೀಸರ್ ವಾಚ್‌ಗೆ ಬಂದ. ಸರಕು ತುಂಬಿಸುವ ಹೊಣೆ ಅವನದೇ ಆಗಿತ್ತು. ದಿಕ್ಕು ಬದಲಿಸಬೇಕಾದ ಜಾಗ ದಾಟಿಹೋದದ್ದು ಅವನ ಗಮನಕ್ಕೆ ಬರಲಿಲ್ಲ. ಐದು ಗಂಟೆಯ ಸುಮಾರಿಗೆ, ಇನ್ನೂ ಬೆಳಕಿರುವಾಗಲೇ, ಹಡಗು ಗ್ರೇಟ್ ಬ್ಯಾರಿಯರ್ ರೀಫ್‌ನ ಹವಳದ ದಿಬ್ಬ ಹತ್ತಿ ಕೂತಿತು. ಹಿಂದಿನ ಮೂವತ್ತೆಂಟೂವರೆ ಗಂಟೆಗಳಲ್ಲಿ ಅವನು ಮಲಗಿದ್ದು ಎರಡೂವರೆ ಗಂಟೆ ಎಂದು ಆಸ್ಟ್ರೇಲಿಯಾದ ತನಿಖೆಯಲ್ಲಿ ತಿಳಿಯಿತು. ಬಿರುಗಾಳಿಯಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ.

ಇಂಥವನನ್ನು ವಾಚ್‌ಗೆ ಬಿಡಬಾರದೆಂಬ ನಿಯಮವೂ ಇದೆ. ಪಾಳಿ ವಹಿಸಿಕೊಳ್ಳಲು ಬಂದವನು ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ ಎಂದು ಅನುಮಾನ ಬಂದರೆ, ಇರುವವನು ಪಾಳಿ ಒಪ್ಪಿಸದೆ ಕಪ್ತಾನರಿಗೆ ತಿಳಿಸಬೇಕು. ಹಿರಿಯನ ಮುಖ ನೋಡಿ ‘ಸಾರ್, ನೀವು ದಣಿದಿದ್ದೀರಿ’ ಎನ್ನಬಲ್ಲ ಕಿರಿಯ ಆಫೀಸರುಗಳು ಬೇಕು, ಹೇಳಿಸಿಕೊಳ್ಳಬಲ್ಲ ಹಿರಿಯರೂ ಬೇಕು.

ಪ್ರತಿಯೊಬ್ಬ ನಾವಿಕನೂ ದಿನದಿನದ ಕೆಲಸ-ವಿಶ್ರಾಂತಿಯ ಗಂಟೆಗಳನ್ನು ಒಂದು ಪಟ್ಟಿಯಲ್ಲಿ ತುಂಬಬೇಕು. ಕಪ್ತಾನರೂ ಅವನೂ ಸಹಿ ಹಾಕಬೇಕು. ಬಂದರಿನ ಇನ್‌ಸ್ಪೆಕ್ಟರುಗಳು ಕೇಳಿ ನೋಡುವ ದಾಖಲೆಗಳಲ್ಲಿ ಇದೂ ಒಂದು. ಈಗ ಇದು ಕಂಪ್ಯೂಟರಿನಲ್ಲಿದೆ, ನಿಯಮ ಮೀರಿದ ದಿನ ಕೆಂಪಾಗಿ ಕಾಣುತ್ತದೆ. ಕೆಂಪು ಕಂಡರೆ ಕಂಪನಿಯಿಂದ ಯಾಕೆಂದು ಮೇಲ್ ಬರುತ್ತದೆ. ಉತ್ತರ ಬರೆಯುವುದಕ್ಕಿಂತ ಅರ್ಧರ್ಧ ಗಂಟೆ ಆಚೀಚೆ ಸರಿಸಿ ಹಸಿರು ಮಾಡುವುದು ಸುಲಭ. ನಾನೂ ಒಂದು ಹಡಗಿನಲ್ಲಿ ಹೀಗೆ ತಿಂಗಳುಗಟ್ಟಲೆ ಸರಿಸಿದ್ದೇನೆ, ಅದು ತಪ್ಪು. ಸ್ವೀಡನ್ನಿನ ಮಾಲ್ಮೋದಲ್ಲಿರುವ ವಿಶ್ವ ಸಾಗರ ವಿಶ್ವವಿದ್ಯಾಲಯ 2020ರಲ್ಲಿ ಹೊರತಂದ ಅಧ್ಯಯನವೂ ಈ ಹೊಂದಾಣಿಕೆ ನಾವಿಕರ ನಡುವೆ ರೂಢಿಯಾಗಿಬಿಟ್ಟಿದೆ ಎಂದು ಹೇಳಿತು. ಹಸಿರು ಪಟ್ಟಿ ನೋಡಿದ ಕಂಪನಿ, ಇರುವ ಜನರೇ ಸಾಕೆಂದು ತಿಳಿಯುತ್ತದೆ. ಸುಳ್ಳು ಲೆಕ್ಕದಿಂದ ಬೇಗ ಕೆಡುವುದು ಅದನ್ನು ಬರೆದವನ ನಿದ್ದೆಯೇ.

ಆದ್ದರಿಂದ ಹಡಗು ಹತ್ತುವ ಮೊದಲೇ ಕೇಳಬೇಕಾದ ಪ್ರಶ್ನೆ: ಕಪ್ತಾನರನ್ನು ಬಿಟ್ಟು ವಾಚ್ ಮಾಡುವ ಆಫೀಸರುಗಳು ಎಷ್ಟು ಮಂದಿ? ಮೂವರಿದ್ದರೆ ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವಿನ ಪಾಳಿ ನಡೆಯುತ್ತದೆ. ಸಣ್ಣ ಹಡಗುಗಳಲ್ಲಿ ಇಬ್ಬರೇ ಆರಾರು ಗಂಟೆ ದುಡಿಯುವುದುಂಟು. ಅಲ್ಲಿ ಒಂದೇ ಬಾರಿಗೆ ಐದು ಗಂಟೆ ಮಲಗುವುದೂ ಕಷ್ಟ. ಹತ್ತಿದ ಮೇಲೆ ನಿಮ್ಮ ವಿಶ್ರಾಂತಿಯ ಪಟ್ಟಿಯ ಪ್ರತಿಯನ್ನು ಕೇಳಿ ಇಟ್ಟುಕೊಳ್ಳಿ, ಅದು 2006ರ ಒಪ್ಪಂದ ಕೊಟ್ಟ ಹಕ್ಕು. ತುರ್ತು ಹೊತ್ತಿನಲ್ಲಿ, ಜೀವ ಉಳಿಸುವ ಕೆಲಸದಲ್ಲಿ ಕಪ್ತಾನರು ಎಷ್ಟು ಹೊತ್ತು ಬೇಕಾದರೂ ದುಡಿಸಬಹುದು, ಆಗ ಲೆಕ್ಕ ಕೇಳಬಾರದು. ಮುಗಿದ ಮೇಲೆ ಬದಲಿ ವಿಶ್ರಾಂತಿ ಕೇಳಬೇಕು. ಹಡಗಿನಲ್ಲಿ ಮಾತು ನಡೆಯದಿದ್ದರೆ ಕಂಪನಿಯ ದಡದ ಕಚೇರಿಯಲ್ಲಿ ಸುರಕ್ಷತೆಗೆಂದೇ ಗೊತ್ತುಮಾಡಿದ ಒಬ್ಬ ಅಧಿಕಾರಿ ಇರುತ್ತಾರೆ. ಅವರ ಹೆಸರು, ಫೋನ್ ನಂಬರು ಹಡಗಿನ ಗೋಡೆಯ ಮೇಲೇ ಇರುತ್ತದೆ. ಆ ಹುದ್ದೆಯ ಹಿಂದೆಯೂ ಒಂದು ನಿದ್ದೆಯಿದೆ. 1987ರ ಮಾರ್ಚ್ 6ರಂದು ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಬ್ರಿಟಿಷ್ ಪ್ರಯಾಣಿಕರ ಹಡಗು ಬೆಲ್ಜಿಯಂನ ಜೀಬ್ರಗ್ ಬಂದರಿನಿಂದ ಮುಂಬಾಗಿಲು ತೆರೆದಿಟ್ಟುಕೊಂಡೇ ಹೊರಟು ಮಗುಚಿತು. ಬಾಗಿಲು ಮುಚ್ಚಬೇಕಾದವನು ತನ್ನ ಕ್ಯಾಬಿನ್ನಿನಲ್ಲಿ ಮಲಗಿದ್ದ. 193 ಜನ ಸತ್ತರು. ತನಿಖೆ ಅವನೊಬ್ಬನಲ್ಲಿ ನಿಲ್ಲದೆ ಕಂಪನಿಯ ಆಡಳಿತದವರೆಗೂ ಹೋಯಿತು. ದಡದ ಆ ಅಧಿಕಾರಿಯ ಹುದ್ದೆಯನ್ನು ತಂದ, ಹಡಗು ಸುರಕ್ಷತಾ ನಿರ್ವಹಣೆಯ ಅಂತರರಾಷ್ಟ್ರೀಯ ಸಂಹಿತೆ ಹುಟ್ಟಿದ್ದು ಅಲ್ಲಿಂದ.

ಕೊನೆಗೆ ಮನೆಯವರಿಗೆ ಒಂದು ಮಾತು. 2006ರ ಒಪ್ಪಂದಕ್ಕೆ 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ ಹಡಗಿನಲ್ಲಿ ಸಾಧ್ಯವಾದಷ್ಟೂ ಇಂಟರ್‌ನೆಟ್ ಒದಗಿಸಬೇಕು, ಹಾಗಾಗಿ ನಡುಗಡಲಿನಿಂದಲೂ ಮಾತಾಡುವ ಅವಕಾಶ ಹೆಚ್ಚಿದೆ. ಹಡಗು ಬಂದರು ತಲುಪಿದ ದಿನವೇ ಎಲ್ಲರೂ ಫೋನು ಹಚ್ಚುತ್ತೀರಿ, ಅಮ್ಮ, ಹೆಂಡತಿ, ಅಣ್ಣ, ಗೆಳೆಯರು. ಅವನಿಗೋ ಅವಳಿಗೋ ನಿದ್ದೆ ಎಲ್ಲಕ್ಕಿಂತ ಕಡಿಮೆ ಸಿಗುವ ದಿನ ಅದೇ. ವಾಚ್ ಯಾವ ಹೊತ್ತಿನದು, ಹಡಗಿನ ಗಡಿಯಾರ ನಮ್ಮದಕ್ಕಿಂತ ಎಷ್ಟು ಮುಂದೆ ಅಥವಾ ಹಿಂದೆ ಇದೆ ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಡಿ. ಬಂದರಿನ ದಿನ ‘ತಲುಪಿದೆ’ ಎಂಬ ಒಂದು ಸಾಲಿನ ಸಂದೇಶ ಬಂದರೆ ಸಾಕೆಂದುಕೊಳ್ಳಿ. ಮಾತು ಹಡಗು ಮತ್ತೆ ಕಡಲಿಗಿಳಿದ ಮೇಲಾಗಲಿ.