ಸವಾಲಿಗೆ ಜವಾಬು: ಮೂವರು ಕೂಡಿ ನುಡಿಸಿದ್ದನ್ನು ಕೇಳುವ ಬಗೆ

ನಮ್ಮ ಕಡೆಯ ಗೀಗೀ ಮೇಳಕ್ಕೆ ದೊಡ್ಡ ವಾದ್ಯವೃಂದ ಬೇಕಿಲ್ಲ. ಮೂರು ಜನ, ಹೆಚ್ಚೆಂದರೆ ನಾಲ್ಕು ಜನ ಇದ್ದರೆ ಸಾಕು. ಮುಂದೆ ಹಾಡುವವರ ಕೈಯಲ್ಲಿ ದಪ್ಪು, ಒಬ್ಬರ ಕೈಯಲ್ಲಿ ಒಂಟಿ ತಂತಿಯ ತುಂತುಣಿ, ಮತ್ತೊಬ್ಬರ ಕೈಯಲ್ಲಿ ತಾಳ. ಹರದೇಶಿಯವರು ಗಂಡೇ ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣೇ ಹೆಚ್ಚು ಎನ್ನುತ್ತಾರೆ. ಒಂದು ಮೇಳ ಹಾಡಿನಲ್ಲಿ ಸವಾಲು ಹಾಕಿದರೆ ಎದುರಿನ ಮೇಳ ಹಾಡಿನಲ್ಲಿಯೇ ಜವಾಬು ಕೊಡಬೇಕು. ಬೆಳಗಿನ ತನಕ ಇದು ನಡೆಯುವುದುಂಟು. ಹಾಡುವವರ ನೆನಪಿನಲ್ಲಿ ನೂರಾರು ಪದಗಳಿರುತ್ತವೆ, ನಿಜ. ಆದರೆ ಯಾವುದನ್ನು ಯಾವಾಗ ತೆಗೆಯಬೇಕು, ಎಲ್ಲಿ ಹೊಸ ಸಾಲು ಸೇರಿಸಬೇಕು ಎಂಬುದು ಎದುರಿನವರು ಬಾಯಿ ತೆರೆದ ಮೇಲೆಯೇ ಗೊತ್ತಾಗುವುದು.

ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, 'ಸವಾಲ್–ಜವಾಬ್' ಎಂದೇ ಅರ್ಥ ಬರುವ ಹೆಸರಿನ ಒಂದು ಜಾಝ್ ಆಲ್ಬಮ್ ಇದೆ. 'ಕ್ವೆಶ್ಚನ್ ಅಂಡ್ ಆನ್ಸರ್'. ಅಲ್ಲಿಯೂ ಮೂವರೇ. ಗಿಟಾರ್ ಪ್ಯಾಟ್ ಮೆಥೆನಿ, ಬಾಸ್ ಡೇವ್ ಹಾಲೆಂಡ್, ಡ್ರಮ್ಸ್ ರಾಯ್ ಹೇಯ್ನ್ಸ್. 1989ರ ಡಿಸೆಂಬರ್ 21ರಂದು ನ್ಯೂಯಾರ್ಕ್‌ನ ಪವರ್ ಸ್ಟೇಷನ್ ಸ್ಟುಡಿಯೋದಲ್ಲಿ ಒಂದೇ ದಿನದಲ್ಲಿ ಒಂಬತ್ತೂ ತುಣುಕುಗಳು ಮುಗಿದವು. ಕೂಡಿ ನುಡಿಸುವ ಸಂತೋಷಕ್ಕಾಗಿ ಸೇರಿದ್ದರು. ಆಲ್ಬಮ್ ಹೊರಬಂದದ್ದು 1990ರಲ್ಲಿ. ಮೊದಲ ಸಲ ಕೇಳಿದವರಲ್ಲಿ ಹೆಚ್ಚಿನವರು "ಇದರಲ್ಲಿ ಹಾಡೇ ಇಲ್ಲವಲ್ಲ" ಎನ್ನುತ್ತಾರೆ. ಹಾಡು ಇದೆ. ಎಲ್ಲಿದೆ ಎಂದು ತೋರಿಸುವುದೇ ಈ ಲೇಖನದ ಕೆಲಸ.

ಮೊದಲ ತುಣುಕು 'ಸೋಲಾರ್'. ಮೈಲ್ಸ್ ಡೇವಿಸ್ ಅವರ ಹೆಸರಿನಲ್ಲಿರುವ ಚಿಕ್ಕ ರಾಗಸಂಯೋಜನೆ, ಬರೀ 12 ಬಾರ್. ಒಂದು ಬಾರಿಗೆ ನಾಲ್ಕು ಮಾತ್ರೆ, ಒಟ್ಟು 48. ತಬಲಾ ಕಲಿತವರಿಗೆ ಇದು ಕೂಡಲೇ ತಿಳಿಯುತ್ತದೆ: ತೀನ್‌ತಾಲದ ಆವರ್ತನ 16 ಮಾತ್ರೆಗೆ ತಿರುಗಿ ಸಮಕ್ಕೆ ಬಂದ ಹಾಗೆ ಇದು 48ಕ್ಕೆ ತಿರುಗುತ್ತದೆ. ಮೊದಲು ಮೂಲ ಧಾಟಿಯನ್ನು ನುಡಿಸುತ್ತಾರೆ. ಆಮೇಲೆ ಅದೇ 48 ಮಾತ್ರೆಗಳ ಚಕ್ರ ತಿರುಗುತ್ತಲೇ ಇರುತ್ತದೆ, ಮೇಲಿನ ಧಾಟಿ ಮಾತ್ರ ಪ್ರತಿ ಸಲ ಹೊಸದು. ಕೊನೆಗೆ ಮೂಲ ಧಾಟಿ ಮರಳುತ್ತದೆ. ಬೆರಳು ಮಡಚಿ ಎಣಿಸಿ ನೋಡಿ. ನಾಲ್ಕೈದು ಸುತ್ತು ತಪ್ಪುತ್ತದೆ, ಆಮೇಲೆ ಸಿಕ್ಕುತ್ತದೆ. ಸಿಕ್ಕ ಮೇಲೆ ಅದು ಗದ್ದಲ ಅನ್ನಿಸುವುದಿಲ್ಲ.

ಇಷ್ಟು ನಮ್ಮ ಸಂಗೀತಕ್ಕೆ ಹತ್ತಿರ. ಬೇರೆಯಾಗುವುದು ಮುಂದೆ. ಸಿತಾರ್ ಕಛೇರಿಯಲ್ಲಿ ತಂಬೂರಿ ಒಂದೇ ಷಡ್ಜವನ್ನು ಹಿಡಿದು ಕುಳಿತಿರುತ್ತದೆ. ರಾಗ ಎಷ್ಟು ದೂರ ಹೋದರೂ ನೆಲ ಅಲ್ಲಾಡುವುದಿಲ್ಲ. ಜಾಝ್‌ನಲ್ಲಿ ನೆಲವೇ ಸರಿಯುತ್ತದೆ. ಒಂದೆರಡು ಬಾರಿಗೊಮ್ಮೆ ಕಾರ್ಡ್ ಬದಲಾಗುತ್ತದೆ; ಈಗ ಹೊಂದಿದ ಸ್ವರ ಇನ್ನೆರಡು ಸೆಕೆಂಡಿಗೆ ಹೊಂದದೆ ಹೋಗಬಹುದು. ಪಿಯಾನೋ ಇದ್ದಿದ್ದರೆ ಆ ಕಾರ್ಡುಗಳು ಬಿಡಿಸಿ ಕೇಳುತ್ತಿದ್ದವು. ಇಲ್ಲಿ ಪಿಯಾನೋ ಇಲ್ಲ. ಆದ್ದರಿಂದ ಹಾಲೆಂಡ್ ಅವರ ಬಾಸ್ ಒಂದೊಂದೇ ಸ್ವರ ಇಡುತ್ತಾ ದಾರಿ ತೋರಿಸುತ್ತದೆ. ಗಿಟಾರ್ ಸುಮ್ಮನಾದರೂ ಹಾಡು ಎಲ್ಲಿದೆ ಎಂದು ಬಾಸಿನಿಂದ ತಿಳಿಯುತ್ತದೆ.

ಅದಕ್ಕೇ ಇದನ್ನು ಬ್ಯಾಡಗಿಯಿಂದಲೋ ರಾಣೇಬೆನ್ನೂರಿನಿಂದಲೋ ಬರುವ ಬಸ್ಸಿನಲ್ಲಿ ಕೇಳಬೇಡಿ. ದೊಡ್ಡ ಬಾಸಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಜ್‌ನಲ್ಲಿ ಕಂಪಿಸುತ್ತದೆ. ಎಂಜಿನ್ ಸದ್ದು ಅದನ್ನು ನುಂಗಿಬಿಡುತ್ತದೆ. ಮೊಬೈಲಿನ ಸ್ಪೀಕರಿಗಂತೂ ಅಷ್ಟು ತಗ್ಗಿನ ದನಿ ಹೊರಡಿಸಲು ಬರುವುದೇ ಇಲ್ಲ. ಬಾಸ್ ಕೇಳದಿದ್ದರೆ ಈ ಸಂಗೀತ ಜಮಾ ಬದಿ ಹರಿದು ಹೋದ ಖಾತೆ ಪುಸ್ತಕದಂತೆ, ಯಾವುದೂ ತಾಳೆಯಾಗುವುದಿಲ್ಲ. ಇಯರ್‌ಫೋನ್ ಹಾಕಿ, ಮನೆಯಲ್ಲಿ, ರಾತ್ರಿ ಕೇಳಿ.

ಮೂರು ಸಲ ಕೇಳಬೇಕು. ಒಂದು ಸಲ ಬಾಸ್ ಮಾತ್ರ, ಒಂದು ಸಲ ಗಿಟಾರ್ ಮಾತ್ರ. ಇನ್ನೊಂದು ಸಲ ಡ್ರಮ್ಸ್. ನನ್ನ ಮಟ್ಟಿಗೆ ಈ ಆಲ್ಬಮಿನ ಜೀವ ಅಲ್ಲೇ ಇದೆ. ಸಿನಿಮಾ ಹಾಡಿನಲ್ಲಿ ಡ್ರಮ್ಸ್ ಎಂದರೆ ಮೊದಲಿನಿಂದ ಕೊನೆತನಕ ಒಂದೇ ಪೆಟ್ಟು. ಹೇಯ್ನ್ಸ್ ಹಾಗೆ ಮಾಡುವುದಿಲ್ಲ. ಲಯ ಸಿಂಬಲ್ ಮೇಲೆ ಓಡುತ್ತಿರುತ್ತದೆ, ಉಳಿದ ಕೈಕಾಲು ಗಿಟಾರಿನ ಜೊತೆ ಮಾತಾಡುತ್ತವೆ. ಮೆಥೆನಿ ಒಂದು ವಾಕ್ಯ ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಸ್ನೇರ್ ಮೇಲೆ ಚಟ್ ಎಂದು ಉತ್ತರ ಬೀಳುತ್ತದೆ. ಮುಶಾಯಿರಾದಲ್ಲಿ ಶಾಯರ್ ಸಾಲು ಮುಗಿಸುವಷ್ಟರಲ್ಲಿ ಸಭೆಯಿಂದ "ಮುಕರ್ರರ್" ಎಂದು ಕೂಗು ಬಂದರೆ ಶಾಯರ್ ಅದೇ ಸಾಲನ್ನು ಬೇರೆ ಒತ್ತು ಕೊಟ್ಟು ಹೇಳುತ್ತಾರಲ್ಲ, ಅಂಥದ್ದೇ ಇದು. ಉತ್ತರ ಕೇಳಿದ ಮೇಲೆ ಮುಂದಿನ ಪ್ರಶ್ನೆ ಬದಲಾಗುತ್ತದೆ.

ತಯಾರಿ ಇಲ್ಲದೆ ನುಡಿಸಿದರು ಎಂದು ಮಾತ್ರ ತಿಳಿಯಬಾರದು. ಆ ದಿನ ಹೇಯ್ನ್ಸ್ ಅವರಿಗೆ 64 ವರ್ಷ. ಹರೆಯದಲ್ಲೇ ಚಾರ್ಲಿ ಪಾರ್ಕರ್ ಜೊತೆ ನುಡಿಸಿದವರು. ಹಾಲೆಂಡ್ ಮೈಲ್ಸ್ ಡೇವಿಸ್ ತಂಡದಲ್ಲಿದ್ದವರು. ನಮ್ಮ ಪಕ್ಕದ ಧಾರವಾಡದಲ್ಲಿ ಸಿತಾರ್ ರತ್ನ ರಹಿಮತ್ ಖಾನರ ಮನೆತನ ನೋಡಿ. ಮೊಮ್ಮಗ ಬಾಲೇಖಾನರ ತನಕ ಸಿತಾರ್ ಇಳಿದು ಬಂತು. ಎಷ್ಟೋ ವರ್ಷಗಳ ರಿಯಾಜ್ ಇದ್ದರೆ ಆ ಕ್ಷಣದಲ್ಲಿ ಹುಟ್ಟಿದ್ದು ಸುಲಭವಾಗಿ ಕಾಣುತ್ತದೆ.

ಒಂದೇ ದಿನದಲ್ಲಿ ಧ್ವನಿಮುದ್ರಣ ಎಂಬುದೂ ನಮಗೆ ಹೊಸದಲ್ಲ. ಉಸ್ತಾದ್ ಅಬ್ದುಲ್ ಕರೀಮ್ ಖಾನ್ ಸಾಹೇಬರು 1937ರಲ್ಲಿ ತೀರಿಕೊಂಡರು. ಅವರ ಕಾಲದ ರೆಕಾರ್ಡಿನ ಒಂದು ಬದಿಗೆ ಹಿಡಿಯುತ್ತಿದ್ದುದು ಮೂರು ನಿಮಿಷ ಚಿಲ್ಲರೆ. ತಪ್ಪಿದರೆ ಕತ್ತರಿಸಿ ಅಂಟಿಸುವ ದಾರಿ ಇರಲಿಲ್ಲ. ಹಾಡಿದ್ದು ಹಾಡಿದ ಹಾಗೆಯೇ ಉಳಿಯುತ್ತಿತ್ತು. ಹಾವೇರಿಯಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವಾಗ ಕುಂದಗೋಳ ದಾಟುತ್ತೇವಲ್ಲ, ಆ ಊರಿನ ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರ ಶಿಷ್ಯೆ. ಸಂಗೀತದ ಬಗ್ಗೆ ನಮ್ಮ ಮನೆಗಳಲ್ಲಿ ಹಿರಿಯರೆಲ್ಲರದೂ ಒಂದೇ ಅಭಿಪ್ರಾಯ ಇಲ್ಲ, ಆ ವಾದ ಇಲ್ಲಿ ಬೇಡ. ಆದರೆ ಈ ಜಿಲ್ಲೆಯ ಹಾಡಿನ ಚರಿತ್ರೆಯಿಂದ ಖಾನ್ ಸಾಹೇಬರನ್ನೂ ಶಿಶುನಾಳ ಶರೀಫರನ್ನೂ ತೆಗೆದಿಟ್ಟು ಮಾತಾಡಲು ಬರುವುದಿಲ್ಲ.

ಈಗಿನ ಹೆಚ್ಚಿನ ಹಾಡುಗಳಲ್ಲಿ ಒಬ್ಬರು ನುಡಿಸುವಾಗ ಇನ್ನೊಬ್ಬರು ಆ ಊರಿನಲ್ಲೇ ಇರುವುದಿಲ್ಲ. ಎಲ್ಲರೂ ಕಿವಿಯಲ್ಲಿ ಕ್ಲಿಕ್ ಸದ್ದು ಕೇಳುತ್ತಾ ಬೇರೆ ಬೇರೆ ನುಡಿಸುತ್ತಾರೆ. ಕೆಟ್ಟದ್ದೇನಲ್ಲ, ಆದರೆ ಕ್ಲಿಕ್ ಯಾರಿಗೂ ಕಾಯುವುದಿಲ್ಲ. ಹೋದ ವರ್ಷ ಒಂದು ಕಾರ್ಯಕ್ರಮದಲ್ಲಿ ಕರೋಕೆ ಟ್ರ್ಯಾಕ್ ಹಾಕಿ ಹಾಡುತ್ತಿದ್ದ ಹುಡುಗಿಯೊಬ್ಬಳು ಎರಡನೇ ಚರಣ ಮರೆತಳು. ಟ್ರ್ಯಾಕ್ ಮುಂದೆ ಹೋಯಿತು, ಅವಳು ಮೈಕ್ ಹಿಡಿದು ನಿಂತಳು, ಸಭೆ ನಕ್ಕಿತು. ಪಕ್ಕದಲ್ಲಿ ತಬಲಾದವರು ಇದ್ದಿದ್ದರೆ ಒಂದು ಆವರ್ತನ ಸುತ್ತಿಸಿ ಅವಳನ್ನು ಸಮಕ್ಕೆ ಕರೆದುಕೊಂಡು ಬರುತ್ತಿದ್ದರು, ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ನಮ್ಮ ಕಾಲೇಜಿನಲ್ಲಿ ಹಾರ್ಮೋನಿಯಂ ಬಲ್ಲವರು ಇದ್ದಾರೆ, ದಫ್ ಬಾರಿಸುವವರು ಇದ್ದಾರೆ, ಗಿಟಾರ್ ಕಲಿಯುತ್ತಿರುವವರೂ ಇಬ್ಬರು ಮೂವರು ಸಿಗುತ್ತಾರೆ. ಈ ಸಲದ ಗ್ಯಾದರಿಂಗಿಗೆ ಹೆಸರು ಕೊಡುವವರು ಪೆನ್‌ಡ್ರೈವ್ ತರುವ ಮೊದಲು ಇವರಲ್ಲಿ ಇಬ್ಬರನ್ನು ಕೇಳಿ ನೋಡಬಹುದು.