ಇಬ್ಬನಿ ಮೇಲಿಂದ ಬೀಳುವುದಲ್ಲ!

ಹಿತ್ತಿಲಲ್ಲಿ ಹೊಸ ದೂರದರ್ಶಕ ನಿಲ್ಲಿಸಿದ್ದಾಯಿತು. ಗುರುಗ್ರಹ, ಅದರ ನಾಲ್ಕು ಚಂದ್ರರು ಕಂಡದ್ದೂ ಆಯಿತು. ಮನೆಮಂದಿಯೆಲ್ಲ ಸರದಿಗಾಗಿ ಕಾದಿರುವಾಗಲೇ ನೋಟ ಮಸುಕಾಗುತ್ತದೆ. ಆಕಾಶದಲ್ಲಿ ಮೋಡವಿಲ್ಲ. ಟಾರ್ಚು ಬಿಟ್ಟು ನೋಡಿದರೆ ಮಸೂರದ ತುಂಬ ಇಬ್ಬನಿ!

‘ಮಂಜು ಬೀಳುತ್ತದೆ’ ಎಂಬುದು ನಮ್ಮ ರೂಢಿಯ ಮಾತು. ನಿಜಕ್ಕೂ ಇಬ್ಬನಿ ಮೇಲಿಂದ ಬೀಳುತ್ತದೆಯೇ? ಇಲ್ಲವೆಂದು ತೋರಿಸಿಕೊಟ್ಟವರಲ್ಲಿ ಪ್ರಮುಖರು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್. ಉಣ್ಣೆಯ ತುಣುಕುಗಳನ್ನು ರಾತ್ರಿ ಬಯಲಲ್ಲಿಟ್ಟು, ತೂಗಿ ನೋಡಿ, 1814ರಲ್ಲಿ ಅವರು ಪ್ರಬಂಧ ಪ್ರಕಟಿಸಿದರು. ತೆರೆದ ಆಕಾಶಕ್ಕೆ ಮುಖಮಾಡಿದ ವಸ್ತು ಶಾಖವನ್ನು ಹೊರಸೂಸಿ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಆಗ ಗಾಳಿಯಲ್ಲಿನ ತೇವ ಅದರ ಮೇಲೆ ಹನಿಗಟ್ಟುತ್ತದೆ. ಬಯಲಿನ ಹುಲ್ಲು ತೊಯ್ದಿದ್ದರೂ ಹೊಂಗೆಮರದಡಿಯ ಹುಲ್ಲಿನಲ್ಲಿ ಇಬ್ಬನಿ ಕಡಿಮೆ. ಮರ ಅಲ್ಲಿ ಆಕಾಶಕ್ಕೆ ಅಡ್ಡವಾಗಿರುತ್ತದೆ.

ಪರಿಹಾರವೂ ಇಲ್ಲಿಯೇ ಇದೆ. ಮಸೂರದ ಮುಂದೆ ಕಪ್ಪು ರಟ್ಟಿನ ಕೊಳವೆ ಸಿಕ್ಕಿಸಿದರೆ ಅದಕ್ಕೆ ಕಾಣುವ ಆಕಾಶ ಕಿರಿದಾಗುತ್ತದೆ. ಕೊಳವೆಯ ಉದ್ದ ಮಸೂರದ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಇರಲಿ. 4 ಅಂಗುಲದ ಮಸೂರಕ್ಕೆ 6ರಿಂದ 8 ಅಂಗುಲ ಸಾಕು. ಕನ್ನಡಿಯ ದೂರದರ್ಶಕದಲ್ಲಿ ಮುಖ್ಯ ಕನ್ನಡಿ ಕೊಳವೆಯ ತಳದಲ್ಲಿರುವುದರಿಂದ ಈ ಕಾಟ ಕಡಿಮೆ.

ಇಷ್ಟಾದರೂ ಇಬ್ಬನಿ ಕಟ್ಟಿದರೆ? ಪಂಚೆಯ ಅಂಚಿನಿಂದ ಒರೆಸುವ ಆತುರ ಬೇಡ. ಧೂಳಿನ ಕಣ ಉಜ್ಜಿ ಗೀರು ಬಿದ್ದರೆ ಅದು ಮತ್ತೆ ಹೋಗದು. ಹೇರ್ ಡ್ರೈಯರಿನ ಬೆಚ್ಚನೆಯ ಗಾಳಿಯನ್ನು ದೂರದಿಂದ ಹಾಯಿಸಿ. ಒದ್ದೆ ಮಸೂರಕ್ಕೆ ಮುಚ್ಚಳ ಹಾಕಿಟ್ಟರೆ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆಯೇ ಮುಚ್ಚಿ. ಉಳಿತಾಯದ ಹಣದಲ್ಲಿ ಕೊಂಡ ಮಸೂರ ಮಕ್ಕಳ ಕಾಲಕ್ಕೂ ಉಳಿಯಬೇಕಾದದ್ದು.