ಒಳಗಿವಿಯ ತಕ್ಕಡಿ

ನೆಗಡಿ, ಜ್ವರಗಳು ಬಿಟ್ಟು ವಾರ ಕಳೆದಿರುತ್ತದೆ. ಬೆಳಗ್ಗೆ ಹಾಸಿಗೆಯಿಂದ ಏಳಹೊರಟವನಿಗೆ ಕೋಣೆಯೇ ಗಿರ್ರನೆ ತಿರುಗುತ್ತದೆ, ವಾಂತಿ ಬಿಡದು, ನಿಂತರೆ ದೇಹ ಒಂದೇ ಪಕ್ಕಕ್ಕೆ ವಾಲುತ್ತದೆ. ಪಿತ್ತ ಕೆರಳಿತೆಂದು ಮನೆಯವರು ನಿಂಬೆಹಣ್ಣಿನ ಪಾನಕ ಮಾಡಿಕೊಡುತ್ತಾರೆ. ಆದರೆ ಇಲ್ಲಿ ಕೆಟ್ಟಿರುವುದು ಹೊಟ್ಟೆಯಲ್ಲ, ಒಳಗಿವಿಯ ನರ.

ಕಿವಿ ಇರುವುದು ಕೇಳುವುದಕ್ಕೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಒಳಗಿವಿಯಲ್ಲಿ ಒಂದಕ್ಕೊಂದು ಲಂಬವಾಗಿ ನಿಂತ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದೊಡನೆ ಅವುಗಳಲ್ಲಿನ ದ್ರವವು ಹಿಂದುಳಿದು, ಸೂಕ್ಷ್ಮವಾದ ರೋಮಕೋಶಗಳನ್ನು ಬಾಗಿಸುತ್ತದೆ. ತಲೆ ನಿಶ್ಚಲವಾಗಿದ್ದಾಗಲೂ ಎರಡು ಕಿವಿಗಳಿಂದ ಮೆದುಳಿಗೆ ಸಮಸಮನಾದ ವರದಿ ಹೋಗುತ್ತಲೇ ಇರುತ್ತದೆ. ಇದನ್ನೊಯ್ಯುವ ನರ ಒಂದು ಪಕ್ಕದಲ್ಲಿ ಊದಿಕೊಂಡು ಮೌನವಾಯಿತೆನ್ನಿ. ತಕ್ಕಡಿಯ ಒಂದು ತಟ್ಟೆ ಬರಿದಾದಂತೆ. ತಲೆಯು ಇನ್ನೊಂದು ಪಕ್ಕಕ್ಕೆ ತಿರುಗುತ್ತಿದೆಯೆಂದೇ ಮೆದುಳು ನಂಬುತ್ತದೆ. ತುಟಿಯ ಮೇಲೆ ಗುಳ್ಳೆಯೆಬ್ಬಿಸುವ ಹರ್ಪಿಸ್ ವೈರಸ್ಸು ನರದಲ್ಲಿ ಬಹುಕಾಲ ಅವಿತಿದ್ದು ಮರಳಿ ಎಚ್ಚರಗೊಳ್ಳುವುದೇ ಇದಕ್ಕೆ ಕಾರಣವೆಂಬ ಶಂಕೆ ಬಲವಾಗಿದೆ. ಕೇಳುವ ಶಕ್ತಿಗೆ ಮಾತ್ರ ಕುಂದಿಲ್ಲ. ಅದೂ ಕುಗ್ಗಿದರೆ ಒಳಗಿವಿಯೇ ಬಾಧೆಗೊಳಗಾಗಿದೆಯೆಂದು ವೈದ್ಯರು ಶಂಕಿಸುತ್ತಾರೆ.

ಈ ತಕ್ಕಡಿಯನ್ನು ಪರೀಕ್ಷಿಸುವ ಬಗೆಯನ್ನು ಕಂಡುಕೊಂಡವನು ವಿಯೆನ್ನಾದ ರಾಬರ್ಟ್ ಬಾರಾನಿ. ಕಿವಿ ತೊಳೆಯುವ ನೀರು ತೀರ ತಣ್ಣಗಿದ್ದರೂ ತೀರ ಬಿಸಿಯಾಗಿದ್ದರೂ ತಲೆಸುತ್ತುವುದೆಂದು ರೋಗಿಗಳು ದೂರುತ್ತಿದ್ದರು. ತಣ್ಣೀರಿಗೆ ಕಣ್ಣಾಲಿಗಳು ಒಂದು ದಿಕ್ಕಿಗೆ ಹೊಯ್ದಾಡಿದರೆ, ಬಿಸಿನೀರಿಗೆ ವಿರುದ್ಧ ದಿಕ್ಕಿಗೆ! ಈ ಶೋಧಕ್ಕೆ 1914ರ ನೊಬೆಲ್ ಬಹುಮಾನ ಸಂದಿತು. ಸುದ್ದಿ ತಲುಪಿದಾಗ ಅವನು ರಷ್ಯನರ ಯುದ್ಧಕೈದಿಯಾಗಿದ್ದ.

ಚಿಕಿತ್ಸೆಯ ವಿಷಯದಲ್ಲಿ ನಮ್ಮ ಜನರ ಅಭ್ಯಾಸ ರೋಗಿಗೆ ಪ್ರತಿಕೂಲವಾದುದು. ತಲೆಸುತ್ತನ್ನು ಅಡಗಿಸುವ ಮಾತ್ರೆಗಳು ಮೊದಲ ಎರಡು ಮೂರು ದಿನಗಳಿಗಷ್ಟೇ ಯೋಗ್ಯ. ನರ ಪೂರ್ತಿ ಚೇತರಿಸದಿದ್ದರೂ ಮೆದುಳು ಹೊಸ ಲೆಕ್ಕವನ್ನು ಕಲಿಯಬಲ್ಲದು. ಕಲಿಯಲು ತಪ್ಪು ವರದಿಗಳು ಅದಕ್ಕೆ ಬಂದು ಮುಟ್ಟಲೇಬೇಕು. ತಿಂಗಳುಗಟ್ಟಲೆ ಮಾತ್ರೆ ನುಂಗಿ ಕಣ್ಮುಚ್ಚಿ ಮಲಗಿದವನಿಗೆ ಈ ಪಾಠ ತಡವಾಗುತ್ತದೆ. ವಾಂತಿ ನಿಂತೊಡನೆ ಎದ್ದು, ಗೋಡೆ ಹಿಡಿದಾದರೂ ನಡೆಯಬೇಕು. ಬೆರಳ ತುದಿಯಲ್ಲಿ ದೃಷ್ಟಿಯಿಟ್ಟು ತಲೆಯನ್ನು ಅತ್ತಿತ್ತ ಆಡಿಸಬೇಕು.

ಆದರೆ ಮೊದಲು ವೈದ್ಯರಿಗೆ ತೋರಿಸಲೇಬೇಕು. ಕಿರುಮೆದುಳಿಗೆ ರಕ್ತ ತಡೆದಾಗಲೂ ಇಂಥದೇ ತಲೆಸುತ್ತು ಬರುತ್ತದೆ. ಮಾತು ತೊದಲುವುದು, ವಸ್ತು ಎರಡಾಗಿ ಕಾಣುವುದು, ಆಸರೆಯಿದ್ದರೂ ನಿಲ್ಲಲಾಗದಿರುವುದು ಕಂಡರೆ ಗಳಿಗೆಯೂ ತಡೆಯದೆ ಆಸ್ಪತ್ರೆಗೆ ಹೋಗಬೇಕು. 1988ರಲ್ಲಿ ಹಾಲ್ಮಾಜಿ ಮತ್ತು ಕರ್ಟಾಯ್ಸ್ ವಿವರಿಸಿದ ಪರೀಕ್ಷೆಯೊಂದಿದೆ. ತನ್ನ ಮೂಗನ್ನೇ ನೋಡುತ್ತಿರುವಂತೆ ಹೇಳಿ ವೈದ್ಯನು ರೋಗಿಯ ತಲೆಯನ್ನು ತಟಕ್ಕನೆ ತಿರುಗಿಸುತ್ತಾನೆ. ನರ ಕೆಟ್ಟಿದ್ದರೆ ದೃಷ್ಟಿ ಜಾರಿ ಮತ್ತೆ ಮೂಗಿಗೆ ನೆಗೆಯುತ್ತದೆ. ಕೋಣೆ ಇನ್ನೂ ತಿರುಗುತ್ತಿದ್ದರೂ ದೃಷ್ಟಿ ಕದಲದೆ ನಿಂತರೆ, ಆಗಲೇ ವೈದ್ಯನು ಮೆದುಳಿನ ಬಗ್ಗೆ ಭಯಪಡುವುದು.